ಬೋರ್ಡು ಬಂದಾಗ ಕಣ್ಣು ಮುಚ್ಚಿದವಳು

ನಾಲ್ಕು ತುಂಬುವ ಮೊದಲೇ ಮಗಳು ಓದತೊಡಗಿದ್ದಳು. ಯಾರೂ ಕೂರಿಸಿ ಕಲಿಸಿರಲಿಲ್ಲ. ತಿಂಗಳಿಗೊಮ್ಮೆ ಬೆಳಗಾವಿಯಿಂದ ನನ್ನ ತವರು ಗುಂಜಿಗೆ ರೈಲಿನಲ್ಲಿ ಹೋಗುತ್ತಿದ್ದೆವು. ಸ್ಟೇಷನ್ನಿನ ಹಳದಿ ಬೋರ್ಡುಗಳೇ ಅವಳ ಅಂಕಲಿಪಿ. ಗಾಡಿ ನಿಂತೊಡನೆ ಕಿಟಕಿಯ ಸರಳಿಗೆ ಮೂಗು ಒತ್ತಿ ಕನ್ನಡ, ಹಿಂದಿ, ಇಂಗ್ಲಿಷ್ ಅಕ್ಷರಗಳನ್ನು ಹೊಂದಿಸಿ ನೋಡಿ, "ಅವ್ವಾ, ಮೂರೂ ಒಂದ ಊರು!" ಎಂದು ಕುಣಿಯುತ್ತಿದ್ದಳು. ಹಳಿಯ ನಡುವೆ ಕಲ್ಲು ಯಾಕೆ, ಖಾನಾಪುರ ದಾಟಿದ ಮೇಲೆ ಕಾಡು ಯಾಕೆ ದಟ್ಟವಾಯಿತು ಎಂದು ಕೇಳುತ್ತಿದ್ದಳು. ನನಗೆ ಗೊತ್ತಿದ್ದಷ್ಟು ಹೇಳುತ್ತಿದ್ದೆ, ಉಳಿದದ್ದನ್ನು ಇಬ್ಬರೂ ಸೇರಿ ಊಹಿಸುತ್ತಿದ್ದೆವು. ಆಗ ನಾನು ಒಳ್ಳೆಯ ತಾಯಿಯಾಗಿದ್ದೆ.

ಕೆಡಿಸಿದ್ದೂ ನಾನೇ. ಶಿವಬಸವ ನಗರದ ನಮ್ಮ ಮನೆಗೆ ಯಾರೇ ಬರಲಿ, ಚಹಾ ಮುಗಿಯುವುದರೊಳಗೆ ಮಗಳನ್ನು ಕರೆದು ನಡುಮನೆಯಲ್ಲಿ ನಿಲ್ಲಿಸುತ್ತಿದ್ದೆ. ಅವಳು ಅಂಗಳದಲ್ಲಿ ಇರುವೆ ಸಾಲಿನ ಬೆನ್ನು ಹತ್ತಿರಲಿ, ಪಾತ್ರೆಯ ನೀರಿನಲ್ಲಿ ಚಮಚ ಯಾಕೆ ಮುಳುಗುತ್ತದೆಂದು ನೋಡುತ್ತಿರಲಿ, ಎಬ್ಬಿಸಿ ತರುತ್ತಿದ್ದೆ. "ಗುಂಜಿ ತನಕಾ ಸ್ಟೇಷನ್ ಹೇಳವ್ವಾ. ಈ ಪೇಪರ್ ಓದಿ ತೋರಸ." ಬಂದವರು "ಭಾಳ ಶಾಣ್ಯಾಕಿ ಅದಾಳ್ರಿ" ಅಂದರೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದವಳು ನಾನು. ಅವಳು ತಡವರಿಸಿದರೆ, ಅವರು ಹೋದ ಮೇಲೆ ಗದರುತ್ತಿದ್ದೆ: "ನಿನ್ನೆ ಬರತಿತ್ತಲ್ಲ, ಇವತ್ತೇನಾತು?" ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಗುಂಜಿಗೆ ಹೊರಟಿದ್ದೆವು. ಖಾನಾಪುರದಲ್ಲಿ ಗಾಡಿ ನಿಂತಾಗ ಮಗಳು ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆಯೆಂದುಕೊಂಡು ಅಲುಗಿಸಿದೆ.

"ಬೋರ್ಡ್ ಬಂತು ನೋಡವ್ವಾ."

"ಒಲ್ಲೆ. ನೋಡಿದ್ರ ಮನಿಗೆ ಬಂದವರ ಮುಂದ ಹೇಳಬೇಕಾಗತೈತಿ."

ಗಾಡಿ ಹೊರಟ ಮೇಲೆಯೇ ಅವಳು ಕಣ್ಣು ತೆರೆದದ್ದು.

ತವರಿನಲ್ಲಿಯೂ ಮಗಳು ಏನೂ ಕೇಳದೆ ಮೂಲೆ ಹಿಡಿದಳು. "ಕೂಸಿಗೆ ದೃಷ್ಟಿ ಆಗೇತಿ" ಎಂದು ನನ್ನ ಅವ್ವ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅವಳ ಮುಖದ ಮುಂದೆ ನಿವಾಳಿಸಿದಳು. ದೃಷ್ಟಿ ತೆಗೆಯುವಾಗ ನಮ್ಮವರು ಯಾರ ಕಣ್ಣನ್ನೂ ಬಿಡುವುದಿಲ್ಲ. ನಾನು ಚಿಕ್ಕಂದಿನಿಂದ ಕೇಳಿದ್ದೇ ಅದು.

"ಬಂದವರ ಕಣ್ಣ, ಹೋದವರ ಕಣ್ಣ, ಬಾಜೂ ಮನಿಯವರ ಕಣ್ಣ, ಹಡದ ತಾಯಿ ಕಣ್ಣ..."

ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವ್ವ ಮೆಣಸಿನಕಾಯಿಯನ್ನು ಒಲೆಗೆ ಹಾಕಿದಳು.

ಆಮೇಲೆ ನಾನು ಯಾರ ಮುಂದೆಯೂ ಅವಳನ್ನು ಕರೆದಿಲ್ಲ. ರೈಲಿನಲ್ಲಿ ಈಗ ಅವಳ ಹಳೆಯ ಪ್ರಶ್ನೆಗಳನ್ನು ನಾನೇ ಕೇಳುತ್ತೇನೆ. "ಕಾಡು ಯಾಕ ಇಷ್ಟು ದಟ್ಟ ಆತವ್ವಾ?"

ಅವಳು ಮೊದಲು ಎದುರು ಸೀಟಿನವರನ್ನು ನೋಡುತ್ತಾಳೆ. ಆಮೇಲೆ, "ನಂಗ ಗೊತ್ತಿಲ್ಲವ್ವಾ" ಎನ್ನುತ್ತಾಳೆ.