ತೋಳಿಲ್ಲದ ಟೀ ಶರ್ಟು

ಬಟನ್ ಫೋನುಗಳ ಕಾಲ. ಪರದೆ ಎರಡು ಬೆರಳಗಲವೂ ಇರುತ್ತಿರಲಿಲ್ಲ. ಅಂಥ ಫೋನಿನಲ್ಲಿ ನೋಡುವುದಕ್ಕೆಂದೇ ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ವೆಬ್‌ಸೈಟ್ ಮಾಡಿದ್ದೆ. ಟೀ ಶರ್ಟಿನ ಎದೆಯ ಚಿತ್ತಾರ ದೊಡ್ಡದಾಗಿ ಕಾಣಲೆಂದು ಫೋಟೋಗಳ ಎರಡೂ ಬದಿಯನ್ನು ತೋಳು ಸಮೇತ ಕತ್ತರಿಸಿ ಹಾಕಿದ್ದೆ.

ತೋರಿಸಲು ಹೋದಾಗ ಮಾಲೀಕರು ಬಟ್ಟೆ ಕತ್ತರಿಸುವ ಮೇಜಿನ ಬಳಿ ನಿಂತಿದ್ದರು. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದವರು, ಮಾತಿನಲ್ಲಿ ತಮಿಳು ಬೆರೆತಿತ್ತು. ಫೋನು ನೋಡಿದ್ದೇ ಅವರ ಮುಖ ಕೆಂಪೇರಿತು.

“ಏನ್ಪಾ ಇದು, ಕೈಯೆಲ್ಲಾ ಎಲ್ಲಿ ಪೋಚ್ಚು? ನನ್ ಮಾಲಿನ ಕೈ ಕತ್ತರಿಸೋಕೆ ನೀ ಯಾರುಡಾ?”

“ಪರದೆ ಚಿಕ್ಕದು ಸಾರ್” ಎನ್ನುವಷ್ಟರಲ್ಲಿ ಕೆನ್ನೆಗೆ ಬಾರಿಸಿದರು. ಕಾಲರ್ ಹಿಡಿದು ಮೇಜಿಗೆ ಒತ್ತಿದರು. ದೊಡ್ಡ ಕತ್ತರಿ ಕಂಕುಳಿಗೆ ತಣ್ಣಗೆ ತಗುಲಿತು. ನನ್ನ ಅಂಗಿಯ ಒಂದು ತೋಳು ಹೋಯಿತು, ಇನ್ನೊಂದೂ ಹೋಯಿತು. ಹೊಲಿಯುತ್ತಿದ್ದ ಹೆಂಗಸರು ಮಿಷನ್ ನಿಲ್ಲಿಸಿ ನೋಡಿದರು.

“ಇಪ್ಪಡಿಯೇ ಬಸ್ ಹತ್ತು, ಹೋಗು.”

ಹಾಗೆಯೇ ನಮ್ಮೂರಿಗೆ ಹೋಗುವ ಗಾಂಧಿಪುರಂ ಬಸ್ಸು ಹತ್ತಿದೆ. ಹಲ್ಲು ಕಚ್ಚಿ ಕೂತು ಕೂತು ದವಡೆ ನೋಯುತ್ತಿತ್ತು.

ಮರುದಿನ ಫೋಟೋಗಳನ್ನು ತೋಳು ಸಮೇತ ಉಗುರಿನಷ್ಟಕ್ಕೆ ಕುಗ್ಗಿಸಿ ತಂದು ತೋರಿಸಿದೆ. ಮಾಲೀಕರು ನಕ್ಕರು. “ನೆನ್ನೆ ಕೋಪ ಬಂದ್ಬಿಡ್ತು ತಂಬಿ” ಎಂದು ಗೋಡೌನಿನಿಂದ ಹೊಸ ಟೀ ಶರ್ಟು ತರಿಸಿ ಕೈಗಿಟ್ಟರು.

ಮೇಜಿನ ಮೇಲಿದ್ದ ಅದೇ ಕತ್ತರಿಯನ್ನು ಎತ್ತಿಕೊಂಡೆ. ಅವರು ಗೋಡೆಯವರೆಗೂ ಹಿಂದೆ ಸರಿದರು. ಮಿಷನ್‌ಗಳು ಮತ್ತೆ ನಿಂತವು. ಟೀ ಶರ್ಟಿನ ಎರಡೂ ತೋಳು ಕತ್ತರಿಸಿ ಅವರ ಕಾಲ ಬಳಿ ಎಸೆದೆ. ಉಳಿದದ್ದನ್ನು ಅಲ್ಲೇ ತೊಟ್ಟುಕೊಂಡು ಬಸ್ ನಿಲ್ದಾಣಕ್ಕೆ ನಡೆದೆ.