ಕುಟುಂಬದವರೆಲ್ಲ ಹಾಜರಿರಬೇಕು

ನನ್ನ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸೊಲ್ಲಾಪುರದಲ್ಲಿ ಅವಳ ಶಾಲೆಯೆಲ್ಲ ಮರಾಠಿಯಲ್ಲೇ. ಹೀಗಾಗಿ ಅವಳ ಬಗ್ಗೆ ನಾನು ಧೈರ್ಯವಾಗಿ ಬರೆಯಬಹುದು. ಅವಳಪ್ಪನಿಗೆ ಓದಲು ಬರುತ್ತದೆ, ಆದರೆ ಲಗ್ನಪತ್ರಿಕೆಗಿಂತ ದೊಡ್ಡದನ್ನು ಅವರು ಓದಿ ಮುಗಿಸಿದ್ದನ್ನು ನಾನು ಕಂಡಿಲ್ಲ.

ಹೋದ ವರ್ಷ ಇವರಿಬ್ಬರ ನಡುವೆ ಮಾತು ನಿಂತುಹೋಗಿತ್ತು. ಮಗಳು ಒಂಬತ್ತನೆಯ ತರಗತಿಯಲ್ಲಿದ್ದಳು, ಖೋಖೋ ಆಡುತ್ತಿದ್ದಳು. ಜಿಲ್ಲೆಯ ತಂಡವನ್ನು ಆರಿಸುವ ಶಿಬಿರಕ್ಕೆ ಅವಳ ಹೆಸರು ಬಂದಿತ್ತು. ಹೊರಡುವ ಮುಂಚೆ ನಮ್ಮವರು ಖೋಖೋ ಸರ್‌ಗೆ ಫೋನ್ ಮಾಡಿ, ಹುಡುಗಿಗೆ ಜ್ವರ, ಬರುವುದಿಲ್ಲ ಎಂದುಬಿಟ್ಟರು. ಜ್ವರ ಹೋಗಲಿ, ನೆಗಡಿಯೂ ಇರಲಿಲ್ಲ. ಮೈದಾನಕ್ಕೆ ಹೋದಾಗ ಗೆಳತಿಯರು ಜ್ವರ ಇಳಿಯಿತಾ ಎಂದು ಕೇಳಿದಾಗಲೇ ಅವಳಿಗೆ ಸುದ್ದಿ ತಿಳಿದದ್ದು. ಅಷ್ಟರಲ್ಲಿ ಅವಳ ಜಾಗಕ್ಕೆ ಬೇರೊಬ್ಬಳು ಹೋಗಿಯಾಗಿತ್ತು. ಮಗಳು ಮನೆಗೆ ಬಂದು ಬೂಟು ಬಿಚ್ಚಿದಳು, ಅಪ್ಪನ ಜೊತೆ ಮಾತೂ ಬಿಟ್ಟಳು.

ಯಾಕೆ ಹೀಗೆ ಮಾಡಿದಿರಿ ಎಂದು ಕೇಳದೆ ನಾನು ಅವರನ್ನು ಸುಮ್ಮನೆ ಬಿಟ್ಟೆನೆ? ದಿನಾ ಕೇಳಿದೆ. "ಬ್ಯಾಡ ಅನಿಸ್ತು" ಎಂದಷ್ಟೇ ಹೇಳಿ ಡಬ್ಬಿ ತಗೊಂಡು ಟವೆಲ್ ಕಾರ್ಖಾನೆಗೆ ಹೊರಟುಬಿಡುತ್ತಿದ್ದರು.

ನಾನು ನವಿ ಪೇಠದ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಇಡೀ ದಿನ ಗಿರಾಕಿಗಳ ಮುಂದೆ ಗಂಟಲು ಹರಿದುಕೊಂಡು ಮನೆಗೆ ಬಂದರೆ ಇಲ್ಲಿ ಇವರಿಬ್ಬರ ಟಪಾಲು ಹಂಚುವ ಕೆಲಸ. "ಮಮ್ಮಿ, ಪಪ್ಪಾಗ ಊಟಕ್ಕ ಬಾ ಅಂತ ಹೇಳು." ಪಪ್ಪಾ ಎದುರಿಗೇ ಕೂತಿರುತ್ತಾರೆ. "ಆಕಿಗಿ ಹೇಳು, ಬಂದೆ ಅಂತ." ಆಕೆಯೂ ಎದುರಿಗೇ ನಿಂತಿರುತ್ತಾಳೆ. ಒಂದು ದಿನ ಸಿಟ್ಟು ನೆತ್ತಿಗೇರಿ ಇಬ್ಬರ ತಾಟನ್ನೂ ಎತ್ತಿ ಒಳಗಿಟ್ಟೆ. ಇಬ್ಬರೂ ಸುಮ್ಮನೆ ಎದ್ದು ಹೋದರು. ಆಮೇಲೆ ನನಗೇ ಊಟ ಸೇರಲಿಲ್ಲ. ಈ ಹುಡುಗಿ ಇನ್ನೆಷ್ಟು ವರ್ಷ ನಮ್ಮ ಮನೆಯಲ್ಲಿರುತ್ತಾಳೆ, ಅಪ್ಪನ ಜೊತೆ ಒಂದು ಮಾತೂ ಆಡದೆ ಹೊರಟುಹೋದರೆ ಏನು ಗತಿ ಅನ್ನುವ ಹೆದರಿಕೆ ನನಗೆ ಹತ್ತಿತ್ತು.

ಅವಳ ವರ್ಗಶಿಕ್ಷಕಿಯೇ ದಾರಿ ತೋರಿಸಿದರು. ಪುಣೆಯಲ್ಲಿ ಒಬ್ಬ ಮೇಡಂ ಇದ್ದಾರೆ, ಮೊಬೈಲಿನಲ್ಲೇ ತಂದೆ ತಾಯಿ ಮಕ್ಕಳನ್ನು ಕೂರಿಸಿಕೊಂಡು ಮಾತಾಡುತ್ತಾರೆ, ಕೌನ್ಸೆಲಿಂಗ್ ಮಾಡುತ್ತಾರೆ ಎಂದರು. ಭಾನುವಾರ ಬೆಳಿಗ್ಗೆ ಎಂದು ನಿಗದಿಯಾಯಿತು. ಮೂವರೇ ಇರಿ, ಬಾಗಿಲು ಹಾಕಿಕೊಳ್ಳಿ ಎಂದು ಶಿಕ್ಷಕಿ ನನಗೆ ಎರಡೆರಡು ಸಲ ಹೇಳಿದ್ದರು.

ಲಿಂಕ್ ಬಂದದ್ದು ನಮ್ಮವರ ಮೊಬೈಲಿಗೆ. ನನಗೆ ಕಳಿಸಿರಿ ಎಂದಿದ್ದೆ. ಅವರು ಅದನ್ನು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ, ನಿಶ್ಚಿತಾರ್ಥಕ್ಕೆ, ಮಕ್ಕಳ ಜಾವಳಕ್ಕೆ ಬರೆಯುವ ಹಾಗೆ, ಕುಟುಂಬದವರೆಲ್ಲ ಹಾಜರಿರಬೇಕು ಎಂದು ಮರಾಠಿಯಲ್ಲಿ ವಿನಂತಿ ಬೇರೆ. ನಾನು ಹಣೆ ಹಣೆ ಬಡಿದುಕೊಂಡೆ.

"ಫ್ಯಾಮಿಲಿ ಕೌನ್ಸೆಲಿಂಗ್ ಅಂತ ಬರದಾರ. ಫ್ಯಾಮಿಲಿಗೇ ಹೇಳದ ಹೆಂಗ ಮಾಡೂದು?" ಎಂದರು ಅವರು. "ನಾಳಿ ಅಕ್ಕಗ ಗೊತ್ತಾದ್ರ ಸಿಟ್ಟ ಆಗೂದಿಲ್ಲೇನು?"

ಭಾನುವಾರ ಆ ಮೇಡಂ ಮುಖ ಮೂಡುವಷ್ಟರಲ್ಲಿ ಪರದೆಯ ಮೇಲೆ ಒಂದೊಂದೇ ಚೌಕ ತೆರೆಯತೊಡಗಿತು. ತಡವಳದಿಂದ ನಮ್ಮ ಅತ್ತೆ, ಮೈದುನನ ಮೊಬೈಲಿನಲ್ಲಿ. ಒಮ್ಮೆ ಅವರ ಹಣೆ ಕಾಣುತ್ತಿತ್ತು, ಒಮ್ಮೆ ಫ್ಯಾನು. ಅಕ್ಕಲಕೋಟೆಯಿಂದ ನಾದಿನಿ, ನಮ್ಮವರ ಅಕ್ಕ, ಇಸ್ತ್ರಿ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು. ಮೊಬೈಲಿನ ಮುಂದೆ ಚಹಾ ಮತ್ತು ಚುರುಮುರಿಯ ತಾಟು ಇಟ್ಟಿದ್ದಳು, ಮೇಡಂಗೆ ತೋರಿಸಲು. ಹನ್ನೂರದಿಂದ ನನ್ನ ತಮ್ಮ, ಮೋಟಾರ್‌ಸೈಕಲ್ ರಸ್ತೆ ಬದಿಗೆ ಹಚ್ಚಿ, ಹೆಲ್ಮೆಟ್ ತೆಗೆಯದೆಯೇ. ನಮ್ಮವರು ಒಬ್ಬೊಬ್ಬರ ಪರಿಚಯವನ್ನೂ ಹೆಮ್ಮೆಯಿಂದ ಮಾಡಿಕೊಟ್ಟರು. ಮೇಡಂ ಚಿಕ್ಕ ವಯಸ್ಸಿನವರು. ಚೌಕಗಳನ್ನು ಎಣಿಸಿ ನಕ್ಕು, ಇರಲಿ ಎಂದರು.

ಇನ್ನು ತೊಂದರೆ ಏನು ಹೇಳಿ ಎಂದಾಗ ನಿಜವಾದ ತೊಂದರೆ ಶುರುವಾಯಿತು. ಮೇಡಂಗೆ ಬರುವುದು ಮರಾಠಿ ಮಾತ್ರ. ನಮಗೆಲ್ಲರಿಗೂ ಮರಾಠಿ ಬರುತ್ತದೆ, ಆದರೆ ಅದು ಬ್ಯಾಂಕಿಗೆ, ಕಚೇರಿಗೆ, ಅಂಗಡಿಗೆ ಹಾಕಿಕೊಂಡು ಹೋಗುವ ಬಟ್ಟೆಯಂಥದು. ಅದನ್ನು ತೊಟ್ಟುಕೊಂಡು ನಾವು ಜಗಳ ಆಡಿದವರೇ ಅಲ್ಲ. ನನ್ನ ಮಗಳು ಬಹಳ ಜಾಣೆ ಎಂದರು ನಮ್ಮವರು. ನನ್ನ ತಮ್ಮನಂಥವ ಸಿಗುವುದಿಲ್ಲ ಎಂದಳು ನಾದಿನಿ. ನನ್ನ ತಮ್ಮ ಹೆಲ್ಮೆಟ್ಟಿನೊಳಗಿನಿಂದಲೇ ನಮ್ಮ ಸಂಸಾರವನ್ನು ಹಾಡಿ ಹೊಗಳಿದ. ನಾನೂ ಅಂಗಡಿಯ ನಗು ನಕ್ಕು, ಎಲ್ಲ ಚೆನ್ನಾಗಿದೆ ಮೇಡಂ ಎಂದೆ. ಮಗಳು ನೆಲ ನೋಡುತ್ತ, ನನ್ನದೇನೂ ತಕರಾರಿಲ್ಲ ಎಂದಳು. ಹಾಗಾದರೆ ನೀವೆಲ್ಲ ಯಾಕೆ ಬಂದಿದ್ದೀರಿ ಎಂದು ಮೇಡಂ ಪಾಪ ಕಕ್ಕಾಬಿಕ್ಕಿಯಾದರು.

ನಮ್ಮ ಅತ್ತೆಗೆ ಮರಾಠಿ ಅಷ್ಟಕ್ಕಷ್ಟೇ. ಫ್ಯಾನಿನ ಚೌಕದಿಂದ ಅವರ ದನಿ ಬಂತು. "ಎಲ್ಲಾರೂ ಭಾಳ ಚಂದ ಮಾತಾಡಾಕತ್ತೀರಿ. ಹಂಗಾರ ಆ ಪೋರಿ ಯಾಕ ಅಪ್ಪನ ಸಂಗಟ ಮಾತಾಡವಲ್ದು?"

ಅಷ್ಟೇ ಸಾಕಾಯಿತು. ಎಲ್ಲರೂ ಒಮ್ಮೆಲೇ ಕನ್ನಡಕ್ಕಿಳಿದೆವು. ನಾದಿನಿ ನನ್ನ ಮೇಲೆ, ನಾನು ನಮ್ಮವರ ಮೇಲೆ, ನನ್ನ ತಮ್ಮ ಯಾರ ಮೇಲೆಂದು ಅವನಿಗೇ ತಿಳಿಯದು. ಮೇಡಂ ಎರಡೂ ಕೈ ಎತ್ತಿ ನಮ್ಮನ್ನು ನಿಲ್ಲಿಸಿದರು. ತಂದೆ ಅವರ ಭಾಷೆಯಲ್ಲೇ ಹೇಳಲಿ, ನಿಮ್ಮಲ್ಲಿ ಯಾರ ಮರಾಠಿ ಚೆನ್ನಾಗಿದೆಯೋ ಅವರು ನನಗೆ ಹೇಳಿ ಎಂದರು. ಯಾರ ಮರಾಠಿ ಎಂದು ಕೇಳುವುದೇ ಬೇಕಿರಲಿಲ್ಲ. ಎಲ್ಲರ ಕಣ್ಣೂ ಮಗಳ ಮೇಲೆ ಬಿತ್ತು. ಅಪ್ಪ 'ನಾನು' ಎಂದರೆ ನೀನೂ 'ನಾನು' ಎಂದೇ ಹೇಳಬೇಕು ಎಂದು ಮೇಡಂ ಅವಳಿಗೆ ತಾಕೀತು ಮಾಡಿದರು. ಅವಳ ಮೂತಿ ದಪ್ಪಗಾಯಿತು, ಆದರೆ ಮೇಡಂ ಅಂದವರ ಮಾತನ್ನು ಅವಳು ಮೀರುವವಳಲ್ಲ.

ನಮ್ಮವರು ಗೋಡೆ ನೋಡುತ್ತ ಶುರು ಮಾಡಿದರು. "ಜ್ವರ ಬಂದಾವ ಅಂತ ನಾ ಸುಳ್ಳ ಹೇಳ್ದೆ."

ನಾನು ಸುಳ್ಳು ಹೇಳಿದೆ ಎಂದು ಮಗಳು ಮರಾಠಿಯಲ್ಲಿ ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. ಅದರಲ್ಲಿ ಅವಳಿಗೆ ಸುಖ ಸಿಕ್ಕಿದ್ದು ನನಗೆ ಚೆನ್ನಾಗಿ ಕಂಡಿತು.

"ಸಿಟ್ಟಿಲೆ ಅಲ್ಲ. ನನಗ ಹೆದರಿಕಿ ಆಗಿತ್ತು. ಅಪ್ಪ ಆದಾಂವ ಹೆದರ್ತೀನಿ ಅಂತ ಮನ್ಯಾಗ ಹೆಂಗ ಹೇಳಬೇಕು?"

ನನಗೆ ಹೆದರಿಕೆ ಆಗಿತ್ತು ಎಂದು ಮಗಳು ಮೇಡಂಗೆ ಹೇಳಿದಳು. ಈ ಸಲ ದನಿ ಇಳಿದಿತ್ತು.

"ಸಾಲಿ ಸಾಲಿ ನಡುವಿನ ಆಟದಾಗ ಆಕಿ ಕಂಬದ ಹಂತ್ಯಾಕ ಬಿದ್ಲು. ಮೊಳಕಾಲ ಒಡದು ರಕ್ತ ಬಂತು. ಆಕಿ ನಕ್ಕೋತ ಎದ್ದು ಓಡಿದ್ಲು. ನನಗ ನೋಡಾಕ ಆಗ್ಲಿಲ್ಲ. ಆಟ ಮುಗಿಯೂಕಿಂತ ಮೊದ್ಲ ಹೊಂಟ ಬಂದೆ."

ಮಗಳು ಹೇಳಲು ಬಾಯಿ ತೆರೆದಳು, ಅರ್ಧಕ್ಕೆ ನಿಂತಳು. ಆ ಆಟ ನಡೆದದ್ದು ಕೆಲಸದ ದಿನ. ಅಪ್ಪ ಕಾರ್ಖಾನೆಯಲ್ಲಿದ್ದರು ಎಂದೇ ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ. ಅವಳು ಮೊಬೈಲು ಬಿಟ್ಟು ಅವರ ಕಡೆ ತಿರುಗಿದಳು.

"ಪಪ್ಪಾ, ನೀ ಬಂದಿದ್ದಿ?"

ಅವರು ನನ್ನ ಕಡೆ ನೋಡಲಿಲ್ಲ, ಆಕೆಗೆ ಹೇಳು ಎನ್ನಲಿಲ್ಲ. "ಬಂದಿದ್ದೆ. ಸೈಕಲ್ ಸ್ಟ್ಯಾಂಡ್ ಕಡೆ ನಿಂತಿದ್ದೆ."

"ಮತ್ತ ಕರೀಲಿಲ್ಲ ಯಾಕ?"

"ಕರದ್ರ ನೀ ಈ ಕಡಿ ನೋಡ್ತಿ. ಔಟ್ ಆಗ್ತಿ."

ತಡವಳ, ಅಕ್ಕಲಕೋಟೆ, ಹನ್ನೂರ ಎಲ್ಲ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದವು.

"ಔಟ್ ಆಗ್ಲೇ ಇಲ್ಲ ನಾ. ನೀ ಕಡೀತನ ನಿಂದ್ರಬೇಕಾಗಿತ್ತು," ಎಂದಳು ಮಗಳು. "ಮುಂದಿನ ಸಲ ಕ್ಯಾಂಪಿಗಿ ಮತ್ತ ಜ್ವರ ಬರಸ್ತಿ?"

"ಇಲ್ಲ. ನಾನ ಬಂದು ಬಿಟ್ಟ ಬರ್ತೀನಿ. ಆಮ್ಯಾಲ ಏನಾತು ಆ ಆಟದಾಗ, ಹೇಳು."

ಅವಳು ನೆಲಕ್ಕೆ ಕೂತು, ತಾನು ಯಾರಿಂದ ಹೇಗೆ ತಪ್ಪಿಸಿಕೊಂಡೆ ಎಂದು ಬೆರಳಿನಿಂದ ಗೆರೆ ಎಳೆದು ಹೇಳತೊಡಗಿದಳು. ಅವರೂ ಕುರ್ಚಿಯಿಂದ ಇಳಿದು ಎದುರಿಗೆ ಕೂತರು. ತಂದೆ ಈಗ ಏನು ಹೇಳುತ್ತಿದ್ದಾರೆ ಎಂದು ಮೇಡಂ ಮೊಬೈಲಿನಿಂದ ಕೇಳಿದರು. ಮಗಳು ತಲೆಯನ್ನೂ ಎತ್ತಲಿಲ್ಲ.

"ಜರಾ ತಡೀರಿ ಮೇಡಂ," ಎಂದಳು, ಅವರಿಗೆ ಕನ್ನಡ ಬರುವುದಿಲ್ಲ ಎಂಬುದನ್ನೇ ಮರೆತು. "ನಾವು ಮಾತಾಡಾಕತ್ತೀವಿ."