ಹನ್ನೊಂದು ಏಟು

ನನ್ನ ಗಂಡನಿಗೆ ಬಾಯಿ ಜಾಸ್ತಿ, ಕೈ ಕಡಿಮೆ. ಅರವತ್ತರ ದಶಕದಲ್ಲಿ ನಾನು ಮದುವೆಯಾಗಿ ಬಿಜ್ಜರಗಿಗೆ ಬಂದ ಹೊಸದರಲ್ಲಿ, ಆ ಬಾಯಿಯೇ ಅವರನ್ನು ಜೈಲಿನ ಬಾಗಿಲಿನವರೆಗೆ ಒಯ್ದಿತ್ತು.

ಒಂದು ಮಧ್ಯಾಹ್ನ ಹೊಲದಲ್ಲಿದ್ದ ನಮ್ಮ ಕುರಿಹಟ್ಟಿಗೆ ಯಾರೋ ಒಬ್ಬ ನುಗ್ಗಿ ಮರಿಯೊಂದನ್ನು ಎತ್ತಿಕೊಂಡ. ನಾನು ಅಡ್ಡ ನಿಂತೆ. ಅವನು ಮರಿ ಬಿಟ್ಟು ನನ್ನ ಮೇಲೆ ಕೊಡಲಿ ಎತ್ತಿದ. ಅಷ್ಟರಲ್ಲಿ ನಮ್ಮವರು ಓಡಿ ಬಂದು, ಕುರಿ ಕಾಯುವ ಬಡಿಗೆಯಿಂದ ಅವನ ಮುಂಗೈಗೆ ಒಂದೇ ಏಟು ಹಾಕಿದರು. ಕೊಡಲಿ ಬಿತ್ತು. ಅವನು ಕೈ ಹಿಡಿದುಕೊಂಡು ಓಡಿದ. ನಮ್ಮವರು ಬೆನ್ನಟ್ಟಲಿಲ್ಲ, ಬಡಿಗೆ ಊರಿಕೊಂಡು ಅಲ್ಲೇ ನಿಂತುಬಿಟ್ಟರು.

ಆದರೆ ಊರ ಚಹಾದಂಗಡಿಯಲ್ಲಿ ಆ ಒಂದು ಏಟು ಮೂರಾಯಿತು. ಟಿಕೋಟದ ಸಂತೆಯಲ್ಲಿ ಏಳು. ಬಬಲೇಶ್ವರದ ಬೀಗರ ಮನೆಯಲ್ಲಿ ಹೋಳಿಗೆ ಉಣ್ಣುತ್ತಾ ಹನ್ನೊಂದು. ನಾನು ಹೊಸ ಸೊಸೆ, ಎದುರಾಡುವ ಹಾಗಿರಲಿಲ್ಲ.

ಏಟಿಗೆ ಕೈ ಮುರಿದುಕೊಂಡಿದ್ದ ಆ ಕಳ್ಳ ಫಿರ್ಯಾದಿ ಕೊಟ್ಟ: ನೀರು ಕೇಳಲು ಹೋದವನನ್ನು ಬಡಿದರೆಂದು. ಕೇಸು ವಿಜಾಪುರದ ಕೋರ್ಟಿಗೆ ಬಂತು. ಅವನ ಕಡೆಯ ಸಾಕ್ಷಿಗಳು ಯಾರೆಂದರೆ, ನಮ್ಮವರ ಬಡಾಯಿ ಕೇಳಿ ತಲೆದೂಗಿದವರೇ! ನಮ್ಮ ವಕೀಲರು ಹಣೆ ಹಣೆ ಬಡಿದುಕೊಂಡರು.

“ಜೀವಾ ಉಳಿಸಾಕ ಹೊಡದ್ರ ಕಾಯ್ದೆ ಒಪ್ಪತೈತವ್ವಾ. ಕೊಡ್ಲಿ ಬಿದ್ದ ಮ್ಯಾಲೂ ಬಡದ್ರ ಒಪ್ಪೂದಿಲ್ಲ. ನಿನ್ನ ಗಂಡ ನೋಡಿದ್ರ ಊರತುಂಬಾ ಹನ್ನೊಂದು ಅಂತ ಡಂಗುರಾ ಹೊಡದಾನ.”

ಅಂದಿನಿಂದ ನನಗೆ ರೊಟ್ಟಿ ಸೇರಲಿಲ್ಲ.

ಸಾಕ್ಷಿ ಹೇಳುವ ದಿನ ಅರ್ಧ ಊರೇ ಬಂದು ಹಿಂದೆ ಕುಳಿತಿತ್ತು. ಎಷ್ಟು ಏಟು ಎಂದು ನ್ಯಾಯಾಧೀಶರು ನನ್ನನ್ನು ಕೇಳಿದರು. ನಿಜ ಹೇಳಿದರೆ ಗಂಡನ ಮಾನ ಹೋಗುತ್ತದೆ, ಹೇಳದಿದ್ದರೆ ಗಂಡನೇ ಹೋಗುತ್ತಾನೆ.

“ಒಂದರಿ ಸಾಹೇಬ್ರ,” ಎಂದೆ. “ಕೊಡ್ಲಿ ಬಿತ್ತು, ಇವ್ರು ನಿಂತ್ರು. ಉಳದ ಹತ್ತೂ ಬಾಯಿಲೆ ಹೊಡದದ್ದರಿ.”

ಕೋರ್ಟೆಲ್ಲ ನಕ್ಕಿತು. ದವಾಖಾನೆಯ ಕಾಗದದಲ್ಲೂ ಮುಂಗೈಗೆ ಒಂದೇ ಪೆಟ್ಟೆಂದು ಬರೆದಿತ್ತು. ಕೆಲವು ದಿನಗಳ ಮೇಲೆ ತೀರ್ಪು ಬಂತು, ಬಿಡುಗಡೆ. ನಾನು ಹೊರಗೆ ಬೇವಿನ ಮರದ ಕೆಳಗೆ ಕುಳಿತು ಮನಸಾರೆ ಅತ್ತೆ. ಎಷ್ಟೋ ದಿನದ ಮೇಲೆ ಹಸಿವಾಯಿತು.

ಟಿಕೋಟದಲ್ಲಿ ಬಸ್ಸಿಳಿದಾಗ ಪರಿಚಯದವನೊಬ್ಬ ಕೆಣಕಿದ: “ಖರೇ ಎಷ್ಟ ಏಟೋ ಮಾರಾಯಾ?”

ನಮ್ಮವರು ನನ್ನ ಕಡೆ ಕಳ್ಳನೋಟ ಬೀರಿ, “ಒಂದ,” ಎಂದರು. ಒಂದು ಕ್ಷಣ ತಡೆದುಕೊಂಡರು. “ಆದ್ರ ಅವನ ಕೊಡ್ಲಿ ನೋಡಬೇಕಿತ್ತಲೇ ನೀ, ಆಳುದ್ದ ಇತ್ತು!”

ಮೊಳದುದ್ದದ ಕೊಡಲಿ ಅದು. ನಾನು ಸೆರಗು ಸರಿಮಾಡಿಕೊಂಡು ಊರ ದಾರಿ ಹಿಡಿದೆ. ಬಡಾಯಿ ಕೊಚ್ಚುತ್ತಾ ನನ್ನ ಜೊತೆ ಮನೆಗೆ ಬರುತ್ತಿದ್ದರಲ್ಲ, ಅಷ್ಟೇ ಸಾಕಾಗಿತ್ತು.